ತುಂಬಿದ ಬಟ್ಟಲು

ಆಗಸ್ಟ್ 4

ಮಾಸ್ಕೋದವಳು ಬಂದಳು.

ಮಧ್ಯಾಹ್ನದ ಹೊತ್ತಿಗೆ ನರೀನ್ ಪಟ್ಟಣದ ಕಡೆಯ ಟ್ಯಾಕ್ಸಿ ನಮ್ಮ ಬೇಲಿಯ ಮುಂದೆ ನಿಂತಿತು. ಇಳಿದವಳ ಜೊತೆ ಮೂರು ಚೌಕಳಿ ಚೀಲ. ಕೂದಲು ಕತ್ತರಿಸಿಕೊಂಡಿದ್ದಾಳೆ, ಅದಕ್ಕೆ ಬಣ್ಣ ಬೇರೆ. ಆರೂವರೆ ವರ್ಷದಲ್ಲಿ ಒಂದೇ ಒಂದು ಸಲ ಬಂದಿದ್ದಳು, ಅಜ್ಜಿ ಸತ್ತಾಗ, ಅದೂ ಒಂಬತ್ತು ದಿನಕ್ಕೆ. ಈಗ ಅಂಗಳದಲ್ಲಿ ನಿಂತು ಎರಡೂ ಕೈ ಚಾಚಿದಳು. ಯಾರೂ ಓಡಿಹೋಗಲಿಲ್ಲ. ನಾನು ಬೆರಣಿ ತಟ್ಟುತ್ತಿದ್ದೆ, ಕೈತುಂಬ ಸಗಣಿ. ತಮ್ಮ ಅಜಾತ್ ಬೇಲಿಯ ಮೇಲಿಂದ ಇಳಿಯಲೇ ಇಲ್ಲ. ತಂಗಿ ಮಾರಲ್ ನನ್ನ ಲಂಗದ ಹಿಂದೆ ಸೇರಿಕೊಂಡಳು. ಮಾರಲ್‌ಗೆ ಏಳು ವರ್ಷ. ಈಕೆ ಹೋಗುವಾಗ ಅವಳಿಗೆ ಹಲ್ಲೇ ಬಂದಿರಲಿಲ್ಲ. ಫೋನಿನಲ್ಲಿ ಮುಖ ನೋಡಿದ್ದಾಳೆ, ನಿಜ. ಆದರೆ ಫೋನಿನಲ್ಲಿದ್ದವಳನ್ನು ಸಾಕಾದಾಗ ಆರಿಸಿಬಿಡಬಹುದಿತ್ತು.

"ಈ ಅತ್ತೆ ಎಷ್ಟ್ ದಿನ ಇರ್ತಾರೆ?" ಎಂದು ಮಾರಲ್ ನನ್ನ ಕಿವಿಯಲ್ಲಿ ಕೇಳಿದಳು. ಅಂಗಳಕ್ಕೆಲ್ಲ ಕೇಳಿಸಿತು.

ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ನೆಂಟರನ್ನು ಕೂರಿಸುವ ಹಾಗೆ ಬಾಗಿಲಿಗೆ ಎದುರಾಗಿ ಮೇಲಿನ ಜಾಗದಲ್ಲಿ ಎರಡು ಕೌದಿ ಹಾಸಿ ಕೂರಿಸಿದೆ. ನಾನು ಬಾಗಿಲ ಬಳಿ, ಚಹಾದ ನೀರು ಕಾಯುವ ಸಮೋವರ್ ಪಕ್ಕದಲ್ಲಿ, ನನ್ನ ಜಾಗದಲ್ಲಿ ಕೂತೆ. ಮನೆಯ ಹೆಂಗಸು ಕೂತು ಚಹಾ ಬಗ್ಗಿಸುವ ಜಾಗ ಅದು. ಅಜ್ಜಿ ಸತ್ತ ಮೇಲೆ ಈ ನಾಲ್ಕು ವರ್ಷ ಅಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರು ಕೂತಿಲ್ಲ. ಅವಳ ಬಟ್ಟಲಿಗೆ ಅರ್ಧ ಬಗ್ಗಿಸಿದೆ. ತುಂಬ ಬಗ್ಗಿಸಿದರೆ ಕುಡಿದು ಎದ್ದು ಹೋಗು ಎಂದ ಹಾಗೆ. ಬಂದ ದಿನವೇ ಹಾಗೆ ಮಾಡುವಷ್ಟು ಕೆಟ್ಟವಳಲ್ಲ ನಾನು.

ನನಗೆ ಒಂದು ಗೊಂಬೆ ತಂದಿದ್ದಾಳೆ. ಹದಿನಾಲ್ಕು ವರ್ಷದವಳಿಗೆ ಗೊಂಬೆ. ಹಳದಿ ಕೂದಲು, ಬಾಚಲು ಒಂದು ಪುಟ್ಟ ಬಾಚಣಿಗೆ. ಅವಳ ಲೆಕ್ಕದಲ್ಲಿ ನಾನಿನ್ನೂ ಏಳೂವರೆಯಲ್ಲೇ ನಿಂತಿದ್ದೇನೆ. ಮಾರಲ್ ಕೈಗೆ ಸಿಕ್ಕರೆ ಮುರಿದುಹಾಕುತ್ತಾಳೆ ಎಂದು ಬೀರುವಿನ ಮೇಲೆ ಎತ್ತಿಟ್ಟೆ.

ಅಜಾತನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅರ್ಧ ಖಾಲಿ ಇತ್ತು. ಅವನು ಲೆಕ್ಕ ಮಾಡಿದ್ದರೆ ತಾನೇ ತುಂಬುವುದು. ಇದನ್ನು ಹಿಟ್ಟಿನ ಪೆಟ್ಟಿಗೆಯ ಹಿಂದೆ ಇಡುತ್ತೇನೆ. ಈ ಮನೆಯಲ್ಲಿ ಎದುರುತ್ತರ ಕೊಡದೆ ನನ್ನ ಮಾತು ಕೇಳುವುದು ಇದೊಂದೇ.

ಆಗಸ್ಟ್ 6

ಇನ್ನು ಹೋಗುವುದಿಲ್ಲವಂತೆ, ಖಾಯಂ ಆಗಿ ಬಂದಳಂತೆ. ಅಜ್ಜನ ಮುಂದೆ ಕೂತು ಹೇಳಿದಳು. ಅಜ್ಜನಿಗೆ ಒಂದು ಕಿವಿ ಕೇಳಿಸುವುದಿಲ್ಲ, ಯಾವ ಕಿವಿಗೆ ಹೇಳಿದಳೋ. ಅಪ್ಪ ಅಲ್ಲೇ ಟ್ಯಾಕ್ಸಿ ಓಡಿಸಿಕೊಂಡು ಇರುತ್ತಾನಂತೆ. ಅವನ ಬಗ್ಗೆ ಬರೆದು ಪುಟ ಹಾಳುಮಾಡುವುದಿಲ್ಲ.

ಖಾಯಂ ಬಂದವಳು ಚೀಲ ಬಿಚ್ಚಬೇಕಲ್ಲ. ಎರಡು ಬಿಚ್ಚಿದ್ದಾಳೆ, ಮೂರನೆಯದು ಹಾಗೇ ಮೂಲೆಯಲ್ಲಿ ಕೂತಿದೆ. ನಾನು ನೋಡದವಳಲ್ಲ.

ಇವತ್ತು ರೊಟ್ಟಿ ತಾನು ಸುಡುತ್ತೇನೆ ಎಂದು ಒಲೆಯ ಮುಂದೆ ಹೋದಳು. ಹೊಗೆಕಿಂಡಿಯ ತಗಡನ್ನು ಎಷ್ಟು ಎಳೆಯಬೇಕು ಎಂಬುದೇ ನೆನಪಿಲ್ಲ. ಮನೆಯೆಲ್ಲ ಹೊಗೆ, ಎಂಟು ರೊಟ್ಟಿ ಕಪ್ಪು. ಈ ಒಲೆಯನ್ನು ಅವಳೇ ಕಟ್ಟಿಸಿದ್ದಂತೆ. ಸೀದದ್ದನ್ನು ಅವಳ ಎದುರಿಗೇ ನಾಯಿಗೆ ಹಾಕಿದೆ. ನಾಯಿ ಮೂಸಿ ಹೋಯಿತು.

ಅವಳಿಗೆ ಬರುವುದು ಒಂದೇ, ನೆಲ ಒರೆಸುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸುತ್ತಾಳೆ, ಯಾರೂ ಕಾಲಿಡದ ಮೂಲೆಯನ್ನೂ ಬಿಡುವುದಿಲ್ಲ. ಅಲ್ಲಿ ಹದಿನಾಲ್ಕು ಮಹಡಿಯ ಮೆಟ್ಟಿಲು ಒರೆಸುತ್ತಿದ್ದಳಂತೆ. ನೂರಿಪಾ ಎಂದು ಕರೆಯಲು ಅಲ್ಲಿನವರ ನಾಲಿಗೆ ತಿರುಗದೆ ನೀನಾ ಎಂದು ಹೆಸರಿಟ್ಟಿದ್ದರಂತೆ. ಹೆಸರನ್ನೇ ಬಿಟ್ಟುಕೊಟ್ಟವಳಿಗೆ ಮಕ್ಕಳು ಯಾವ ಲೆಕ್ಕ.

ಆಗಸ್ಟ್ 9

ಇವತ್ತಿನದನ್ನು ಬರೆಯದೆ ಬಿಡುವ ಹಾಗೇ ಇಲ್ಲ.

ಸೊಸೆ ಕ್ಷೇಮವಾಗಿ ಮರಳಿದಳು ಎಂದು ಅಜ್ಜ ಒಂದು ಕುರಿ ಕೊಯ್ಯಿಸಿ, ಊರಿನ ಆರು ಜನ ಹಿರಿಯರನ್ನು ಕರೆದ. ಕುರಿ ನಾನು ಮರಿಯಿಂದ ಸಾಕಿದ್ದು, ಅದನ್ನು ಬಿಡಿ. ಹಿತ್ತಲಿನಲ್ಲಿ ಹಂಡೆಯ ಮುಂದೆ ನಾನು ಮಾಂಸ ಬೇಯಿಸುತ್ತಿದ್ದೆ, ಆದ್ದರಿಂದ ಸಮೋವರ್ ಪಕ್ಕ ಅವಳು ಕೂತಳು. ಒಂದು ಗಂಟೆಯ ಮಟ್ಟಿಗೆ ಜಾಗ ಬಿಟ್ಟುಕೊಟ್ಟಿದ್ದೆ, ಅಷ್ಟೆ.

ಎಲ್ಲರಿಗೂ ಅಂಚಿನವರೆಗೆ ತುಂಬಿ ಕೊಟ್ಟಿದ್ದಾಳೆ. ಆರೂ ಬಟ್ಟಲು, ತುಳುಕುವ ಹಾಗೆ.

ಮುದುಕ ಜಪಾರ್‌ಕುಲ್ ಬಟ್ಟಲನ್ನು ನೋಡಿದನಂತೆ, ಅಜ್ಜನ ಮುಖ ನೋಡಿದನಂತೆ. ಅಜ್ಜ ಕಿವಿ ಕೇಳಿಸದ ಕಡೆಯವರ ಮಾತಿಗೆ ತಲೆಯಾಡಿಸುತ್ತಾ ಕೂತಿದ್ದ. ಜಪಾರ್‌ಕುಲ್ ಗಟಗಟ ಕುಡಿದು, ಎರಡೂ ಕೈ ಎತ್ತಿ ಊಟ ಮುಗಿಸುವ ಆಮೀನ್ ಹೇಳಿ, ಮುಖ ಸವರಿಕೊಂಡು ಎದ್ದ. ಅವನು ಎದ್ದ ಮೇಲೆ ಉಳಿದವರು ಕೂರುವುದುಂಟೇ. ನಾನು ಪರಾತದ ತುಂಬ ಮಾಂಸ ಹೊತ್ತು ಒಳಗೆ ಬರುವಾಗ ಆರು ಜನವೂ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು. ಅಜ್ಜ ಬೇಲಿಯವರೆಗೆ ಓಡಿ ಕೂಗಿ ಕರೆದ. ಯಾರೂ ತಿರುಗಲಿಲ್ಲ.

ಅವಳು ಸಮೋವರ್ ಪಕ್ಕದಲ್ಲೇ ಕೂತು ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. "ಕೈಗೆ ಅಭ್ಯಾಸ ಆಗ್ಬಿಟ್ಟಿದೆ ಮಾವ" ಎಂದಳು. ಅಜ್ಜ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ನಾನು ಹಿತ್ತಲಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ನಕ್ಕು ಯಾವ ಕಾಲವಾಗಿತ್ತೋ.

ಆಗಸ್ಟ್ 10

ಅಜಾತ್ ಕತ್ತೆಯ ಮೇಲೆ ಮಾಂಸ ಹೇರಿಕೊಂಡು ಆರು ಮನೆಗೂ ಕೊಟ್ಟುಬಂದ. ಆರು ಮನೆಯಲ್ಲೂ ತೆಗೆದುಕೊಂಡು ನಕ್ಕರಂತೆ. ಪಕ್ಕದ ಮನೆಯ ಬತ್ಮಾ ಬೇಲಿಯ ಮೇಲಿಂದ ಕೇಳಿದಳು, "ಏನೇ ಬುರುಲ್, ನಿಮ್ಮಮ್ಮನ್ನ ನಮ್ಮನೇಗ್ ಒಂದಿನ ಕಳಿಸ್ತೀಯಾ? ನನ್ ನಾದಿನಿ ಬಂದು ಹದಿನೈದ್ ದಿನ ಆಯ್ತು, ಏಳ್ತಾನೇ ಇಲ್ಲ."

ಬಾಯಿ ಮುಚ್ಚಿಕೊಂಡು ನಿನ್ನ ಕೆಲಸ ನೋಡು ಎಂದು ಹೇಳಿ ಬಂದೆ. ನಾನು ನಗಬಹುದು. ಬತ್ಮಾ ಯಾರು ನಗಲು.

ಆಗಸ್ಟ್ 16

ಐದು ದಿನ ಹುಲ್ಲು ಕೊಯ್ಲು. ಬರೆಯಲು ಬೆರಳು ಬಗ್ಗಲಿಲ್ಲ.

ಇವತ್ತು ಅಜಾತನಿಗೆ ಎರಡು ಬಿಗಿದೆ. ಮೇಯಲು ಬಿಟ್ಟ ಕರುವನ್ನು ಬಿಟ್ಟು ಈಜಲು ಹೋಗಿದ್ದ. ಹನ್ನೊಂದು ವರ್ಷದ ಕೋಣ. ಹೊಡೆಯುವುದು ಹೊಸದೇನಲ್ಲ, ಹೊಡೆಯದಿದ್ದರೆ ಅವನಿಂದ ಕೆಲಸ ಆಗುವುದೂ ಇಲ್ಲ. ಆದರೆ ಈ ಸಲ ಅವಳು ನಡುವೆ ಬಂದು ನನ್ನ ಕೈ ಹಿಡಿದುಕೊಂಡಳು. ಜೋರಾಗಿ ಏನಲ್ಲ, ಬರೀ ಹಿಡಿದುಕೊಂಡಳು. ಅವಳ ಅಂಗೈ ಉಜ್ಜುಕಲ್ಲಿನ ಹಾಗಿದೆ.

ಹುಡುಗನಿಗೆ ಧೈರ್ಯ ಬಂತು. ಅವಳ ಹಿಂದೆ ನಿಂತು ಹೇಳಿದ, "ನೀನು ಅಮ್ಮಾನೂ ಅಲ್ಲ, ಅಕ್ಕಾನೂ ಅಲ್ಲ. ಪೊಲೀಸು."

ಅವನಿಗೆ ಮಂಗನಬಾವು ಬಂದಾಗ ಹದಿನೈದು ದಿನ ನಿದ್ದೆ ಕೆಟ್ಟು ಉಪ್ಪಿನ ಗಂಟು ಕಾಯಿಸಿ ಇಟ್ಟವಳು ಯಾರು? ಪೊಲೀಸರು ಬಂದಿದ್ದರಾ? ಕೃತಘ್ನ. ನನಗೇನೂ ಬೇಜಾರಾಗಲಿಲ್ಲ. ಅವನ ಷರ್ಟಿಗೆ ಗುಂಡಿ ಹೊಲಿಯಬೇಕಿತ್ತು, ಹೊಲಿಯಲಿಲ್ಲ, ಅಷ್ಟೆ. ಸಂಜೆ ನೋಡಿದರೆ ಯಾರೋ ಹೊಲಿದಿದ್ದರು. ವಕ್ರವಾಗಿ.

ಗೊಂಬೆಯ ತಲೆಯ ಮೇಲೆ ಧೂಳು ಕೂತಿತ್ತು. ಒರೆಸಿ, ಕೂದಲು ಬಾಚಿ ಇಟ್ಟೆ. ಕೊಳಕು ನನಗಾಗುವುದಿಲ್ಲ.

ಆಗಸ್ಟ್ 19

ನನ್ನನ್ನು ಯಾರೂ ಎಬ್ಬಿಸಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಕೌದಿಯ ಮೇಲಿತ್ತು. ಓಡಿಹೋಗಿ ನೋಡಿದರೆ ಹಸು ಕರೆದಾಗಿದೆ, ಹಾಲು ಕಾಯಿಸಿಯಾಗಿದೆ, ಕರು ಮೇಯಲು ಹೋಗಿದೆ. ನನ್ನನ್ನು ಬಿಟ್ಟು ಯಾರು ಮುಟ್ಟಿದರೂ ಒದೆಯುವ ಹಸು ಅದು. ಅವಳನ್ನು ಒದೆಯಲಿಲ್ಲವಂತೆ. ದನಕ್ಕೂ ನಿಯತ್ತಿಲ್ಲ.

ಮಾಡಲು ಏನೂ ಉಳಿದಿರಲಿಲ್ಲ. ಅಂಗಳದಲ್ಲಿ ಸುಮ್ಮನೆ ನಿಂತಿದ್ದೆ. ಬತ್ಮಾಳ ಮೊಮ್ಮಗಳು ಐದು ಕಲ್ಲಾಟಕ್ಕೆ ಕರೆದಳು. ಆ ಹುಡುಗಿಗೆ ಆಟವೇ ಬರುವುದಿಲ್ಲ, ಕಲ್ಲು ಎಸೆದು ಆಕಾಶ ನೋಡುತ್ತಾಳೆ. ಹೇಗೆ ಹಿಡಿಯಬೇಕೆಂದು ತೋರಿಸಿಕೊಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಏಳು ಸಲ ಸೋಲಿಸಿದೆ.

ಆಗಸ್ಟ್ 24

ಮಾರಲ್‌ಳನ್ನು ಒಂದನೇ ತರಗತಿಗೆ ಸೇರಿಸಲು ಹೋಗಿದ್ದೆವು. ಅವಳೂ ಹಿಂದೆಯೇ ಬಂದಳು, ಬರಬೇಡ ಎನ್ನಲು ನನಗೆ ಅಧಿಕಾರ ಎಲ್ಲಿ.

ಟೀಚರಮ್ಮ ಹುಡುಗಿಯನ್ನು ಮಾತಾಡಿಸಲು ಹೆಸರು ಕೇಳಿದಳು, ವಯಸ್ಸು ಕೇಳಿದಳು, ಅಮ್ಮನ ಹೆಸರೇನು ಎಂದು ಕೇಳಿದಳು. ಮಾರಲ್ ತಡವರಿಸದೆ ಬುರುಲ್ ಎಂದಳು. ಟೀಚರಮ್ಮ ನಕ್ಕಳು. ನನ್ನ ಬೆನ್ನ ಹಿಂದೆ ನಿಂತವಳು ನಗಲಿಲ್ಲ.

ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಶಾಲೆಯ ಗೇಟಿನವರೆಗೆ.

ದಾರಿಯಲ್ಲಿ, ಶಾಲೆ ಶುರುವಾಗುವ ಮೊದಲ ಗಂಟೆಯ ದಿನ ಮಾರಲ್ ಜೊತೆ ತಾನು ನಿಲ್ಲುತ್ತೇನೆ ಎಂದಳು. ಒಂದನೇ ತರಗತಿಯ ಮಕ್ಕಳನ್ನು ತಾಯಂದಿರು ಕೈ ಹಿಡಿದು ಸಾಲಿಗೆ ತರುತ್ತಾರಲ್ಲ, ಅದಕ್ಕೆ. ಹುಡುಗಿಯ ಜಡೆಗೆ ಬಿಳಿ ಹೂಗಂಟು ಹೊಲಿದವಳು ನಾನು, ಅಕ್ಷರ ಕಲಿಸಿದವಳು ನಾನು, ಹೇನು ಹೆಕ್ಕಿದವಳು ನಾನು. ಈಕೆ ಬಂದು ಕೈ ಹಿಡಿದುಕೊಳ್ಳುತ್ತಾಳಂತೆ. ನಾಚಿಕೆಯಾದರೂ ಬೇಡವಾ.

ಸಂಜೆ ನೋಡಿದರೆ ಮಾರಲ್ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಮೂರು ವಾರ ಮೂಸಿ ನೋಡಿ ಈಗ ಹೋಗಿ ಮಲಗಿದೆ, ಬೆಕ್ಕು.

ಆಗಸ್ಟ್ 26

ಮೂರನೆಯ ಚೀಲ ಬಿಚ್ಚಿ ನೋಡಿದೆ. ಅವಳು ಹೊಳೆಯ ಕಡೆ ಹೋಗಿದ್ದಳು.

ಒಳಗೆ ಅವಳ ಅಲ್ಲಿನ ಕೆಲಸದ ಬಟ್ಟೆ. ಬೆನ್ನ ಮೇಲೆ ಬೆಳ್ಳಿ ಪಟ್ಟಿಯಿರುವ ಕಿತ್ತಳೆ ಬಣ್ಣದ ಮೇಲಂಗಿ, ಏಳೆಂಟು ಜೊತೆ ರಬ್ಬರ್ ಕೈಗವಸು, ಮಂಡಿಗೆ ಕಟ್ಟುವ ದಪ್ಪ ಪಟ್ಟಿ. ಎಲ್ಲ ಒಗೆದು, ಮಡಚಿ, ಜೋಡಿಸಿಟ್ಟಿದ್ದಾಳೆ.

ಮತ್ತೆ ಹೋಗದವಳು ಇದನ್ನು ಯಾಕೆ ನಾಲ್ಕು ದಿನದ ದಾರಿ ಹೊತ್ತು ತರುತ್ತಾಳೆ?

ನನಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಒಂದು ತಿಂಗಳು ರೊಟ್ಟಿ ಸೀಯಿಸಿ, ಗುಂಡಿ ಹೊಲಿದು, ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಆಮೇಲೆ ಒಂದು ಬೆಳಿಗ್ಗೆ ಟ್ಯಾಕ್ಸಿ ಹತ್ತುತ್ತಾಳೆ. ಹೋದ ಸಲ ಹತ್ತಿದಾಗ ಅಜಾತ್ ಸೇತುವೆಯವರೆಗೆ ಟ್ಯಾಕ್ಸಿಯ ಹಿಂದೆ ಓಡಿದ. ಅವನನ್ನು ಎತ್ತಿಕೊಂಡು ಬರಲು ನನಗೆ ಶಕ್ತಿಯಿರಲಿಲ್ಲ, ಎಳೆದುಕೊಂಡು ಬಂದೆ. ಆಮೇಲೆ ಮೂರು ತಿಂಗಳು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡ. ಆ ಕೌದಿಗಳನ್ನೆಲ್ಲ ಒಗೆದವಳು ಮಾಸ್ಕೋದವಳಲ್ಲ.

ಮಾರಲ್ ಓಡಬಾರದು. ಹೋಗುವವಳು ಶಾಲೆ ಶುರುವಾಗುವ ಮೊದಲೇ ಹೋಗಲಿ. ನಾಳೆ ಹೇಳಿಬಿಡುತ್ತೇನೆ. ಬಾಯಿಂದ ಹೇಳಬೇಕಾಗಿಯೂ ಇಲ್ಲ.

ಆಗಸ್ಟ್ 27

ಮಧ್ಯಾಹ್ನದ ಚಹಾಕ್ಕೆ ಎಲ್ಲರೂ ಇದ್ದರು. ಅಜ್ಜ, ಅಜಾತ್, ಮಾರಲ್, ಜರಡಿ ಕೇಳುವ ನೆಪದಲ್ಲಿ ಬಂದ ಬತ್ಮಾ ಕೂಡ. ಅಜ್ಜನಿಗೆ ಅರ್ಧ ಬಗ್ಗಿಸಿದೆ, ಬತ್ಮಾಗೆ ಅರ್ಧ ಬಗ್ಗಿಸಿದೆ. ಅವಳ ಬಟ್ಟಲನ್ನು ಅಂಚಿನವರೆಗೆ ತುಂಬಿದೆ. ಇನ್ನೊಂದು ತೊಟ್ಟು ಹಾಕಿದ್ದರೆ ಚೆಲ್ಲುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಇಟ್ಟೆ.

ಯಾವತ್ತೂ ಬಾಯಿ ಮುಚ್ಚದ ಬತ್ಮಾ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡಳು. ಅಜ್ಜ ನನ್ನ ಹೆಸರು ಹಿಡಿದು ಕರೆದ. ನಾನು ಅವನ ಕಡೆ ನೋಡಲಿಲ್ಲ.

ಅವಳು ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಾಗಿ, ಅಂಚಿಗೆ ತುಟಿಯಿಟ್ಟು ಒಂದು ಗುಟುಕು ಹೀರಿ, ಆಮೇಲೆ ಎತ್ತಿಕೊಂಡು ಅಷ್ಟನ್ನೂ ಕುಡಿದಳು. ಸುಡುತ್ತಿತ್ತು, ಕಣ್ಣಲ್ಲಿ ನೀರು ಬಂತು, ಆದರೂ ಕುಡಿದಳು. ಕುಡಿದು ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿದಳು.

"ಇನ್ನೊಂದ್ ಹಾಕು."

ತುಂಬಿದ ಬಟ್ಟಲು ಕುಡಿದ ಮೇಲೆ ಮತ್ತೆ ಕೈ ಚಾಚುವವರನ್ನು ನಾನು ಈವರೆಗೆ ನೋಡಿಲ್ಲ. ಇನ್ನೊಂದು ತುಂಬಿದೆ, ಅಂಚಿನವರೆಗೆ. ಕುಡಿದಳು. ಮೂರನೆಯದು ಕೇಳಿದಳು. ಬಗ್ಗಿಸುವಾಗ ನೆಲಕ್ಕೆ ಹಾಸಿದ ಊಟದ ಬಟ್ಟೆ ದಸ್ತರ್‌ಖಾನದ ಮೇಲೆ ಸ್ವಲ್ಪ ಚೆಲ್ಲಿತು. ನನ್ನ ಕೈ ಚೆಲ್ಲುವ ಕೈಯಲ್ಲ.

"ಅಲ್ಲಿ ಹೀಗೇ ಕುಡೀತಿದ್ದೆ" ಎಂದಳು. ನನಗೆ ಹೇಳಿದ್ದು, ಬೇರೆ ಯಾರಿಗೂ ಅಲ್ಲ. "ಒಂದೇ ಸಲ ತುಂಬಿಸ್ಕೊಂಡು. ಎರಡನೇ ಸಲ ಬಗ್ಗಿಸಿ ಕೊಡೋರು ಯಾರೂ ಇರ್ಲಿಲ್ಲ. ಕೈಗೆ ಅದೇ ಅಭ್ಯಾಸ ಆಗ್ಹೋಯ್ತು."

ನಾನು ಚೆಲ್ಲಿದ್ದನ್ನು ಒರೆಸಿದೆ.

"ನೀನು ಎಷ್ಟ್ ತುಂಬಿದ್ರೂ ಕುಡೀತೀನಿ ಬುರುಲ್. ಏಳಲ್ಲ."

ಐದು ಬಟ್ಟಲು ಕುಡಿದಳು. ಸಮೋವರ್ ತಳ ಕಂಡಿತು. ಮಾರಲ್ ಬೆರಳಲ್ಲಿ ಎಣಿಸುತ್ತಿದ್ದಳು, ಐದನೆಯದಕ್ಕೆ ಚಪ್ಪಾಳೆ ತಟ್ಟಿದಳು, ದಡ್ಡಿ. ಆಮೇಲೆ ನಾನು ಮೂರನೇ ಚೀಲದ ಮಾತೆತ್ತಿದೆ. ಕಿತ್ತಳೆ ಅಂಗಿ ಯಾರಿಗೆ ಎಂದು ಕೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಕ್ಕಳು. "ಒಳ್ಳೇ ಕೈಗವಸು ಕಣೇ, ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ಆಲೂಗಡ್ಡೆ ಕೀಳಕ್ಕೆ ಆಗತ್ತೆ ಅಂತ ತಂದೆ."

ಸುಳ್ಳಿರಬಹುದು, ನೋಡೋಣ.

ಆಗಸ್ಟ್ 29

ಆಲೂಗಡ್ಡೆ ಕೀಳುತ್ತಿದ್ದಾಳೆ. ಕಿತ್ತಳೆ ಅಂಗಿ, ಮಂಡಿಪಟ್ಟಿ, ಕೈಗವಸು ಎಲ್ಲ ಹಾಕಿಕೊಂಡು. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, ಇಲ್ಲಿ ರೈಲು ಹಳಿ ಹಾಕುತ್ತಾರಾ ಎಂದು ಕೇಳುತ್ತಾರೆ. ಮಾನ ಹೋಯಿತು. ನನಗೂ ಒಂದು ಜೊತೆ ಕೈಗವಸು ಕೊಟ್ಟಳು. ಹಾಕಿಕೊಂಡೆ. ಉಗುರಿನೊಳಗೆ ಮಣ್ಣು ಸೇರುವುದಿಲ್ಲ, ಅದೊಂದು ಅನುಕೂಲ.

ಚೀಲವನ್ನು ಸುರಿದು ಅದರಲ್ಲೇ ಆಲೂಗಡ್ಡೆ ತುಂಬಿದ್ದಾಳೆ. ಮೂರಕ್ಕೂ.

ಒಲೆಯ ಹಿಡಿಬಟ್ಟೆ ಮಾಡಿದ ಮೇಲೆ ಕಂಬಳಿಯ ತುಂಡು ಉಳಿದಿತ್ತು. ಅದರಲ್ಲಿ ಗೊಂಬೆಗೆ ಒಂದು ಟೋಪಿ ಹೊಲಿದೆ. ತುಂಡು ಹಾಳಾಗಬಾರದಲ್ಲ. ಮಾರಲ್ ಕೇಳಿದಳು, ಕೊಡಲಿಲ್ಲ. ನನ್ನದು ಅದು.

ಸೆಪ್ಟೆಂಬರ್ 2

ಮೊದಲ ಗಂಟೆ.

ಮಾರಲ್‌ಗೆ ಜಡೆ ಹಾಕಿ, ಹೂಗಂಟು ಕಟ್ಟಿ, ಕೈ ಹಿಡಿದುಕೊಂಡು ಹೋದೆ. ಅಮ್ಮ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಕೇಳಲಿಲ್ಲ, ಜಗಳವಾಡಲಿಲ್ಲ. ಶಾಲೆಯ ಅಂಗಳದಲ್ಲಿ ಒಂದನೇ ತರಗತಿಯ ಸಾಲಿನಲ್ಲಿ ಮಾರಲ್ ಪಕ್ಕ ನಿಂತೆ. ಎಡಕ್ಕೂ ಬಲಕ್ಕೂ ತಾಯಂದಿರು, ಹೊಸ ಸ್ಕಾರ್ಫು, ಸೆಂಟು.

ಟೀಚರಮ್ಮ ಸಾಲು ನೋಡುತ್ತಾ ಬಂದು ನನ್ನ ಮುಂದೆ ನಿಂತಳು. "ಬುರುಲ್, ನೀನಿಲ್ಲೇನ್ ಮಾಡ್ತಿದೀಯ? ಒಂಬತ್ತನೇ ಕ್ಲಾಸು ಆ ಕಡೆ."

ಎಂಥ ಪೆದ್ದಿ ನಾನು. ಮಾರಲ್‌ಳ ಪೆನ್ಸಿಲ್ ಎರಡು ಸಲ ಚೂಪು ಮಾಡಿದ್ದೆ, ಅಜಾತನ ಬೂಟಿಗೆ ಮೊಳೆ ಹೊಡೆದಿದ್ದೆ, ನನಗೂ ಶಾಲೆಯಿದೆ ಎಂಬುದೇ ಮರೆತುಹೋಗಿತ್ತು. ಬೆಳಿಗ್ಗೆ ಹಸು ಕರೆಯಬೇಕೆಂದು ಹಾಕಿಕೊಂಡ ಲಂಗದಲ್ಲೇ ಬಂದಿದ್ದೆ. ಪುಸ್ತಕವಿಲ್ಲ, ಚೀಲವಿಲ್ಲ. ಆ ಕಡೆ ನಮ್ಮ ತರಗತಿಯ ಹುಡುಗಿಯರು ಬಿಳಿ ಅಂಗಿ ಹಾಕಿಕೊಂಡು ಕಿಸಿಕಿಸಿ ನಗುತ್ತಿದ್ದರು. ಕಿವಿಯೆಲ್ಲ ಬಿಸಿಯಾಯಿತು.

ಅಮ್ಮ ಮುಂದೆ ಬಂದಳು. ಬಗಲಿನಲ್ಲಿ ಒಂದು ಗಂಟಿತ್ತು, ಅದನ್ನು ನನ್ನ ಕೈಗೆ ಕೊಟ್ಟಳು. ಒಳಗೆ ನನ್ನ ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು, ಎರಡು ಹೊಸ ನೋಟ್‌ಪುಸ್ತಕ, ಒಂದು ಪೆನ್ನು. "ಹೋಗು, ಒಳಗೆ ಬದಲಾಯಿಸ್ಕೊಂಡ್ ಬಾ" ಎಂದಳು. ನಾನು ಮಾರಲ್‌ಳ ಕೈ ಬಿಡಬೇಕಾಯಿತು. ಅದು ಅಮ್ಮನ ಕೈಗೆ ಹೋಯಿತು. ಹುಡುಗಿ ಒಂದು ಸಲವೂ ತಿರುಗಿ ನೋಡಲಿಲ್ಲ.

ಅಂಗಿ ಭುಜದಲ್ಲಿ ಬಿಗಿ. ಗಂಟೆ ಹೊಡೆದಾಗ ಒಂಬತ್ತನೇ ಸಾಲಿನ ಕೊನೆಯಲ್ಲಿ ನಿಂತಿದ್ದೆ. ಆ ಕಡೆ ನೋಡಿದರೆ ಎಲ್ಲ ತಾಯಂದಿರೂ ತಂತಮ್ಮ ಪುಟ್ಟವರನ್ನು ನೋಡುತ್ತಿದ್ದರು. ಅಮ್ಮ ಮಾತ್ರ ಮಾರಲ್‌ಳ ಕೈ ಹಿಡಿದುಕೊಂಡು, ಕತ್ತು ಉದ್ದ ಮಾಡಿ, ದೊಡ್ಡವರ ಸಾಲಿನಲ್ಲಿ ಯಾರನ್ನೋ ಹುಡುಕುತ್ತಿದ್ದಳು.

ಮನೆಗೆ ಬಂದಾಗ ಅವಳು ಸಮೋವರ್ ಪಕ್ಕದಲ್ಲಿ ಕೂತಿದ್ದಳು, ನನ್ನ ಜಾಗದಲ್ಲಿ. ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಬಾಯಿಗೆ ಬರುವ ಮೊದಲೇ ಮೇಲಿನ ಜಾಗ ತೋರಿಸಿದಳು. ಎರಡು ಕೌದಿ ಹಾಸಿತ್ತು. ಅಜ್ಜ ಪಕ್ಕಕ್ಕೆ ಸರಿದು ಜಾಗ ಮಾಡಿದ. ಕಾಲು ನೋಯುತ್ತಿತ್ತು, ಅದಕ್ಕೇ ಕೂತೆ.

ಬಟ್ಟಲು ಬಂತು, ಅರ್ಧ ಮಾತ್ರ ಇತ್ತು. ಬಾಯಾರಿ ಸಾಯುತ್ತಿರುವವಳಿಗೆ ಅರ್ಧ. "ನಾನೇನ್ ನೆಂಟಳಾ? ತುಂಬ ಹಾಕ್ಬಾರ್ದಾ?" ಎಂದೆ.

"ಬೇಗ ಎದ್ದು ಹೋಗ್ಬಿಡ್ತೀಯ" ಎಂದಳು.

ಕುಡಿದು ಬಟ್ಟಲು ಚಾಚಿದೆ. ಅರ್ಧ ಬಗ್ಗಿಸಿದಳು. ಮತ್ತೆ ಚಾಚಿದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಹೊರಗೆ ಹಸು ಕೂಗುತ್ತಿತ್ತು. ಕರೆಯುವ ಹೊತ್ತಾಗಿತ್ತು. ಯಾರಾದರೂ ಎದ್ದು ಹೋಗುತ್ತಾರೆ ಎಂದುಕೊಂಡು ಕೂತೇ ಇದ್ದೆ.

ರೊಟ್ಟಿ ಇವತ್ತೂ ಸೀದಿತ್ತು. ಮೂರು ತಿಂದೆ.